ಹಾರ ಹಾಕಿಸಿಕೊಂಡ ಲೇತು

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಘರ್ಷಣೆ ಎಂದರೇನು ಎಂದು ಕೇಳಿದರೆ ಸೂತ್ರದ ಸಮೇತ ಹೇಳಬಲ್ಲೆ. ಆದರೆ ಅಂಗೈಯಗಲದ ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ನಾಲ್ಕು ಮೂಲೆಯನ್ನೂ ಚೌಕಕ್ಕೆ ತರಲು ನನಗೆ ಆಡಿ, ಅಂದರೆ ಆಷಾಢ, ತಿಂಗಳು ಪೂರ್ತಿ ಹಿಡಿಯಿತು. ಹೊರಗೆ ಆಡಿ ಗಾಳಿ ಶೆಡ್ಡಿನ ತಗಡನ್ನು ಬಡಿಯುತ್ತಿತ್ತು. ಒಳಗೆ ನಾವೆಲ್ಲ ಸಾಲಾಗಿ ನಿಂತು, ವೈಸಿನ ದವಡೆಯಲ್ಲಿ ಸಿಕ್ಕಿಸಿದ ಕಬ್ಬಿಣವನ್ನು ಅದು ಏನೋ ಅಪರಾಧ ಮಾಡಿದೆ ಎಂಬಂತೆ ಉಜ್ಜುತ್ತಿದ್ದೆವು.

ಕಲಿಸುವ ಮೇಷ್ಟ್ರು ನಮ್ಮ ತುಂಡನ್ನು ತೆಗೆದುಕೊಂಡು, ಅದರ ಮೂಲೆಗೆ ಮೂಲೆಮಟ್ಟ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಿದ್ದರು. ಮಟ್ಟಕ್ಕೂ ಕಬ್ಬಿಣಕ್ಕೂ ನಡುವೆ ಬೆಳಕು ಕಾಣಿಸಿದರೆ ಮತ್ತೆ ಉಜ್ಜಬೇಕು. ನನ್ನದನ್ನು ಎತ್ತಿದಾಗಲೆಲ್ಲ ಬೆಳಕು ಧಾರಾಳವಾಗಿ ಬರುತ್ತಿತ್ತು.

"ಏನ್ಲಾ ಡಿಗ್ರಿ, ಈ ಸಂದೀಲಿ ಸೇಲಂ ಬಸ್ಸು ಓಗ್ತದಲ್ಲಾ" ಎಂದು ವಾಪಸು ಕೊಡುತ್ತಿದ್ದರು. "ಟೌನ್ ಬಸ್ಸು ಓಗೋ ಅಷ್ಟಕ್ಕಾದ್ರೂ ತಾ, ಆಮೇಲೆ ನೋಡಾನಾ."

ಡಿಗ್ರಿ ಎನ್ನುವುದೇ ಅಲ್ಲಿ ನನ್ನ ಹೆಸರಾಗಿಬಿಟ್ಟಿತು. ಪದವಿ ಹಿಡಿದವನು ಈ ಶೆಡ್ಡಿಗೆ ಏಕೆ ಬಂದ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಧರ್ಮಪುರಿಯಲ್ಲಿ ನಾನು ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಒಂದೇ ಮಾತುಕತೆ ನಡೆದಿತ್ತು. "ಏನು ಗೊತ್ತು?" "ಫಿಸಿಕ್ಸ್." "ಅದು ಸರಿ, ಕೆಲಸ ಏನು ಗೊತ್ತು?" ಈ ಎರಡನೆಯ ಪ್ರಶ್ನೆಗೆ ನಮ್ಮ ಕಾಲೇಜಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಅದಿಯಮಾನ್‌ಕೋಟೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರದಲ್ಲಿದ್ದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಟರ್ನರ್ ಕೋರ್ಸಿಗೆ ಸೇರಿಕೊಂಡೆ. ಲೇತ್ ಯಂತ್ರದ ಮೇಲೆ ಕಬ್ಬಿಣವನ್ನು ತಿರುಗಿಸಿ ಕಡೆಯುವುದು ಟರ್ನರ್ ಕೆಲಸ. ಮನೆಯಲ್ಲಿ ಅಮ್ಮ ನೆಂಟರಿಗೆ "ಮೇಲೆ ಓದ್ತಾವ್ನೆ" ಎಂದು ಹೇಳಿಕೊಂಡಳು. ಎಷ್ಟು ಮೇಲೆ ಎಂದು ಅವರೂ ಕೇಳಲಿಲ್ಲ.

ನಮ್ಮ ಶೆಡ್ಡಿನಲ್ಲಿ ಒಬ್ಬಳೇ ಹುಡುಗಿ ಇದ್ದಳು. ಕೊಳತ್ತೂರು ಕಡೆಯವಳು. ಮನೆಯಲ್ಲಿ ಕುರಿ, ಸ್ವಲ್ಪ ಹೊಲ. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು. ಈ ಕಥೆಯನ್ನು ಈಗ ಯಾರಿಗೆ ಹೇಳಿದರೂ ಅವರು ಅವಳನ್ನು ಒಬ್ಬ ಅಪರೂಪದ ಪ್ರತಿಭೆ ಮಾಡಿಬಿಡುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಅವಳು ಅಂಥ ಪ್ರತಿಭೆಯೇನೂ ಅಲ್ಲ. ಅವಳ ಚೌಕದಲ್ಲೂ ಬಸ್ಸು ಹೋಗುತ್ತಿತ್ತು. ಒಂದೇ ವ್ಯತ್ಯಾಸವೆಂದರೆ ನಾವು ಬೈಸಿಕೊಂಡು ನಗುತ್ತಿದ್ದೆವು, ಅವಳು ಬೈಸಿಕೊಂಡು ಊಟಕ್ಕೆ ಹೋಗದೆ ಮತ್ತೆ ಉಜ್ಜುತ್ತಿದ್ದಳು. ಅವಳಿಗೆ ಲೇತಿನ ಕೆಲಸ ಬೇಕಿತ್ತು. ಏಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಬೇಕು ಅಂತ ಬಂದಿವ್ನಿ. ನೀನ್ಯಾಕ್ ಬಂದೆ ಅಂತ ನಾನು ಕೇಳಿದ್ನಾ ಅಣ್ಣಾ?" ಎಂದಳು. ಅಲ್ಲಿಗೆ ಆ ಸಂದರ್ಶನ ಮುಗಿಯಿತು.

ಅವಳ ನೆತ್ತಿಯ ಮೇಲೆ ಮೊದಲ ದಿನದಿಂದ ಒಂದು ಕತ್ತಿ ತೂಗುತ್ತಿತ್ತು. ಅದನ್ನು ತೂಗುಹಾಕಿದವರು ನಮ್ಮ ಪ್ರಿನ್ಸಿಪಾಲರು. ನಮ್ಮ ಹಾಗೆ ಕನ್ನಡ ಮನೆಮಾತಿನವರಲ್ಲ, ಸೇಲಂ ಪೇಟೆಯವರು, ಅವರ ಮಾತೆಲ್ಲ ತಮಿಳು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಸೇರಿಸಿಕೊಳ್ಳುವಾಗಲೇ ಎಲ್ಲರ ಮುಂದೆ ಅವಳಿಗೆ ಹೇಳಿದ್ದರು: "ಸೇರಿಸಿಕೊಳ್ಳುತ್ತೇನೆ ಅಮ್ಮಾ. ಆದರೆ ಮೈಮೇಲೆ ಒಂದು ಗೀರು ಬಿದ್ದರೂ ಆವತ್ತೇ ಟೈಲರಿಂಗ್ ಕ್ಲಾಸಿಗೆ. ಆಮೇಲೆ ನಿಮ್ಮ ಮನೆಯವರಿಗೆ ನಾನು ಉತ್ತರ ಹೇಳಲಾರೆ." ನಮ್ಮ ಶೆಡ್ಡಿನಲ್ಲಿ ಗೀರಿಲ್ಲದ ಕೈ ಒಂದೂ ಇರಲಿಲ್ಲ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಮುರಿದು ಒಬ್ಬನ ಹೆಬ್ಬೆರಳು ಸೀಳಿತ್ತು. ಇನ್ನೊಬ್ಬ ಸುತ್ತಿಗೆಯಿಂದ ತನ್ನ ಉಗುರನ್ನು ತಾನೇ ಕಪ್ಪು ಮಾಡಿಕೊಂಡಿದ್ದ. ಅದೆಲ್ಲ ಅನುಭವ. ಹುಡುಗರ ರಕ್ತ ಬಂದರೆ ಅನುಭವ, ಅವಳ ರಕ್ತ ಬಂದರೆ ಅಪಘಾತ. ಹಾಗಾಗಿ ಅವಳು ಬೆರಳಿಗೆ ಏನಾದರೂ ತಾಗಿದರೆ ಶೆಡ್ಡಿನ ಹಿಂದೆ ಹೋಗಿ ನೀರಲ್ಲಿ ತೊಳೆದುಕೊಂಡು, ಕೈಯನ್ನು ಜೇಬಲ್ಲಿ ಇಟ್ಟುಕೊಂಡು ಬರುತ್ತಿದ್ದಳು.

ಚೌಕದ ಶಿಕ್ಷೆ ಮುಗಿದ ಮೇಲೆ ನಮ್ಮನ್ನು ಲೇತಿನ ಹತ್ತಿರ ಬಿಟ್ಟರು. ಲೇತಿನ ಎಡಗಡೆ ಚಕ್ ಎಂಬ ದುಂಡನೆಯ ಭಾರದ ಉಕ್ಕಿನ ಗಡ್ಡೆ ಇರುತ್ತದೆ. ಮೂರು ಹಲ್ಲುಗಳಲ್ಲಿ ಕಬ್ಬಿಣವನ್ನು ಕಚ್ಚಿಕೊಂಡು ಅದು ಗಿರಗಿರನೆ ತಿರುಗುತ್ತದೆ. ಆ ಹಲ್ಲುಗಳನ್ನು ಬಿಗಿಮಾಡಲು, ಸಡಿಲಿಸಲು ಅಡ್ಡ ಹಿಡಿಯಿರುವ ಒಂದು ದಪ್ಪ ಕೀ ಇದೆ. ಅದನ್ನು ಚಕ್ಕಿನ ತೂತಿಗೆ ಹಾಕಿ ತಿರುವಬೇಕು. ತಿರುವಿದ ಮೇಲೆ ತೆಗೆಯಬೇಕು. ತೆಗೆಯದೆ ಯಂತ್ರ ಚಾಲು ಮಾಡಿದರೆ ಆ ಕೀ ಎಲ್ಲಿಗೆ ಹೋಗುತ್ತದೆ ಎಂಬುದು ಕೀಗೂ ಗೊತ್ತಿರುವುದಿಲ್ಲ.

ಮೇಷ್ಟ್ರು ಒಂದು ದಿನ ಪೂರ್ತಿ ಕರೆಂಟು ಆರಿಸಿ ನಮಗೆ ಇದೊಂದನ್ನೇ ಮಾಡಿಸಿದರು. ಕೀ ಹಾಕು, ಬಿಗಿ ಮಾಡು, ತೆಗಿ, ತಟ್ಟೆಗೆ ಇಡು. ಕೀಯನ್ನು ಚಕ್ಕಿನಲ್ಲೇ ಬಿಟ್ಟು ಕೈ ಎತ್ತಿದವರು ಅದನ್ನು ತಲೆಯ ಮೇಲೆ ಹೊತ್ತು ಮೈದಾನ ಸುತ್ತಿ ಬರಬೇಕು. ನಾನೂ ಸುತ್ತಿದೆ, ಅವಳೂ ಸುತ್ತಿದಳು. ಟೈಲರಿಂಗ್ ಕ್ಲಾಸಿನ ಹುಡುಗಿಯರು ಕಿಟಕಿಯಿಂದ ನೋಡಿ, "ಯಾವ ಸಾಮಿ ಮೆರವಣಿಗೆ ಅಣ್ಣಾ ಇದು?" ಎಂದು ಕೇಳಿದರು. ಇಡೀ ಕೇಂದ್ರದಲ್ಲಿ ಆ ಕೀ ವಿಷಯ ಗೊತ್ತಿಲ್ಲದವರು ಇರಲಿಲ್ಲ ಎಂದು ನಾನು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಗೊತ್ತಿಲ್ಲದೆ ಆಗುವ ಅನಾಹುತಗಳು ಬೇರೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದೇ ಆಗುತ್ತದೆ.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆಯೆಂದರೆ ಯಂತ್ರಗಳಿಗೆ ರಜೆ. ತೊಳೆದು, ಎಣ್ಣೆ ಒರೆಸಿ, ಗಂಧ ಕುಂಕುಮ ಇಟ್ಟು, ಹೂವು ಮುಡಿಸಿ, ಬಾಳೆಕಂದು ಕಟ್ಟಿ ಬಿಡುವುದು. ಮರುದಿನ ಬೆಳಗ್ಗೆ ಮತ್ತೆ ಪೂಜೆ ಮಾಡಿ, ಒಳ್ಳೆಯ ಹೊತ್ತಿನಲ್ಲಿ ಒಂದು ಸಲ ಯಂತ್ರ ಓಡಿಸಿದರೆ ವರ್ಷಪೂರ್ತಿ ಕೆಲಸ ಚೆನ್ನಾಗಿ ಸಾಗುತ್ತದೆ. ನಡುವೆ, ಪೂಜೆಗೆ ಇಟ್ಟ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ, ಅಲ್ಲಾಡಿಸುವಂತಿಲ್ಲ. ನನಗೆ ಇದೆಲ್ಲ ಚಿಕ್ಕಂದಿನಿಂದ ಇಷ್ಟ. ಪುಸ್ತಕ ಪೂಜೆಗೆ ಇಟ್ಟರೆ ಓದುವ ಹಾಗಿಲ್ಲ ಎಂಬ ನಿಯಮವನ್ನು ನನ್ನಷ್ಟು ಶ್ರದ್ಧೆಯಿಂದ ಪಾಲಿಸಿದವರು ಯಾರೂ ಇರಲಾರರು.

ಮೇಷ್ಟ್ರು ತಮ್ಮ ಊರಿನ ಮನೆಯ ಪೂಜೆಗೆ ಹೊರಟಿದ್ದರು. ಹೊರಡುವ ಮುಂಚೆ ಮೈನ್ ಸ್ವಿಚ್ ಆರಿಸಿ, "ಊವು ಆಕಿ, ಬೊಟ್ಟು ಇಡಿ, ಅಷ್ಟೇ. ನಾಳೆ ನಾನು ಬರೋಗಂಟ ಯಾವನೂ ಕೈ ಆಕ್ಕೂಡದು" ಎಂದು ಹೇಳಿ ಹೋದರು. ಹೂವಿನ ಕೆಲಸವೆಲ್ಲ ಅವಳ ಪಾಲಿಗೆ ಬಂತು. ಅದಕ್ಕೆ ಯಾರೂ ಕಾರಣ ಹೇಳಲಿಲ್ಲ. ರಂಗೋಲಿ, ಹೂವು, ತಟ್ಟೆ ಹಿಡಿಯುವುದು, ಇವೆಲ್ಲ ಟರ್ನರ್ ಕೋರ್ಸಿನ ಪಠ್ಯದಲ್ಲಿ ಹುಡುಗಿಯರಿಗೆ ಮಾತ್ರ ಇರುವ ಅಧ್ಯಾಯಗಳೇನೋ.

ಪೂಜೆಯ ಫೋಟೋ ತೆಗೆಯುವಾಗ ಪ್ರಿನ್ಸಿಪಾಲರಿಗೆ ಲೇತು ಬೋಳಾಗಿ ಕಾಣಿಸಿತು. ಚೆಂಡುಹೂವಿನ ದಪ್ಪ ಹಾರ ನಯವಾದ ಚಕ್ಕಿನ ಮೇಲೆ ನಿಲ್ಲದೆ ಜಾರಿ ಜಾರಿ ಬೀಳುತ್ತಿತ್ತು. ಅವರಿಗೆ ಒಂದು ಉಪಾಯ ಹೊಳೆಯಿತು. ತಟ್ಟೆಯಲ್ಲಿದ್ದ ಕೀ ತೆಗೆದು ಚಕ್ಕಿನ ತೂತಿಗೆ ಸಿಕ್ಕಿಸಿದರು. ಅದರ ಅಡ್ಡ ಹಿಡಿಗೆ ಹಾರವನ್ನು ಎರಡು ಸುತ್ತು ಸುತ್ತಿದರು. ಹಾರ ನಿಂತಿತು. ಲೇತು ಮದುವಣಿಗನ ಹಾಗೆ ಕಾಣಿಸಿತು. ಎಲ್ಲರೂ ಮೆಚ್ಚಿದರು. ನಾನೂ ಚೆನ್ನಾಗಿದೆ ಎಂದುಕೊಂಡೆ.

ಅವಳು ಮಾತ್ರ, "ಸಾರ್, ಕೀ ಚಕ್ಕಲ್ಲಿ ಬುಡಬಾರ್ದು ಸಾರ್" ಎಂದಳು.

"ಏನಮ್ಮಾ, ಇವತ್ತು ಮಿಷಿನ್ನಿಗೇ ರಜೆ. ರಜೆಯಲ್ಲಿರುವವರು ಓಡುತ್ತಾರಾ?" ಎಂದು ನಕ್ಕರು. "ಕರೆಂಟೇ ಇಲ್ಲ. ನಾಳೆ ತೆಗೆದರಾಯಿತು."

ಅದೂ ನಿಜವೇ. ಫೋಟೋ ಬಂತು. ಪ್ರಿನ್ಸಿಪಾಲರು ಅದನ್ನು ತಮ್ಮ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಕೀಯ ಮೇಲೆ ಅವರದೇ ಕೈ, ಹಲ್ಲು ಕಾಣುವ ನಗೆ. ಸಂಜೆ ಎಲ್ಲರೂ ಪುರಿ, ಕಡಲೆ ಕಟ್ಟಿಸಿಕೊಂಡು ಮನೆಗೆ ಹೋದೆವು.

ಮರುದಿನ ಬೆಳಗ್ಗೆ ಯಂತ್ರ ಚಾಲು ಮಾಡಲು ಮುಖ್ಯ ಅತಿಥಿಯೊಬ್ಬರನ್ನು ಕರೆಸಿದ್ದರು. ಕೇಂದ್ರಕ್ಕೆ ಫ್ಯಾನು ಕೊಡಿಸಿದ ಊರಿನ ದೊಡ್ಡವರು ಅವರು. ಫ್ಯಾನಿನ ರೆಕ್ಕೆಯ ಮೇಲೆಲ್ಲ ಅವರ ಹೆಸರು ಬರೆಸಲಾಗಿದೆ. ಫ್ಯಾನು ಓಡುವಾಗ ಓದಲಾಗುವುದಿಲ್ಲ, ಆದ್ದರಿಂದ ಅವರು ಬಂದಾಗ ಫ್ಯಾನು ಆರಿಸಿ ನಾವು ಬೆವರುತ್ತೇವೆ. ಹಸಿರು ಗುಂಡಿಯನ್ನು ಅವರ ಕೈಯಿಂದ ಒತ್ತಿಸುವುದು ಎಂದು ತೀರ್ಮಾನವಾಗಿತ್ತು. ಮೇಷ್ಟ್ರ ಬಸ್ಸು ಇನ್ನೂ ಬಂದಿರಲಿಲ್ಲ. ಒಳ್ಳೆಯ ಹೊತ್ತು ಮುಗಿಯುತ್ತದೆ ಎಂದು ಪ್ರಿನ್ಸಿಪಾಲರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಮೈನ್ ಸ್ವಿಚ್ ಯಾರೋ ಹಾಕಿದರು. ವರ್ಷದಲ್ಲಿ ಬಹುಪಾಲು ಬೆಳಗ್ಗೆ ಕೈಕೊಡುವ ಕರೆಂಟು, ಆವತ್ತು ನೆಂಟರಿಗಿಂತ ಮುಂಚೆ ಬಂದು ಕಾದು ಕೂತಿತ್ತು.

ಇಲ್ಲಿಂದ ಮುಂದಿನದು ಒಂದು ಉಸಿರಿನಷ್ಟು ಹೊತ್ತು. ನನ್ನ ತಲೆಯಲ್ಲಿ ಮಾತ್ರ ಅದು ಈಗ ಅಷ್ಟಕ್ಕೆ ಮುಗಿಯುವುದಿಲ್ಲ.

ಅವಳನ್ನು ಆವತ್ತು ಖಾಕಿ ಅಂಗಿ ಬಿಡಿಸಿ ಸೀರೆಯಲ್ಲಿ ಬರಲು ಹೇಳಿದ್ದರು. ಕೈಯಲ್ಲಿ ಕರ್ಪೂರದ ತಟ್ಟೆ. ಲೇತಿನ ಆಚೆ ಬದಿಗೆ, ಚಕ್ಕಿನ ನೇರಕ್ಕೆ ಅವಳನ್ನು ನಿಲ್ಲಿಸಿದವರೂ ಪ್ರಿನ್ಸಿಪಾಲರೇ. ಅಲ್ಲಿ ನಿಂತರೆ ಫೋಟೋದಲ್ಲಿ ಅತಿಥಿಯ ಮುಖಕ್ಕೆ ದೀಪದ ಬೆಳಕು ಬೀಳುತ್ತದೆ. ಮೂಲೆಯಲ್ಲಿ ಸ್ಪೀಕರು ಭಕ್ತಿಗೀತೆ ಕಿರುಚುತ್ತಿತ್ತು. ಹಾರ ಒಂದು ರಾತ್ರಿಯಲ್ಲಿ ಇನ್ನಷ್ಟು ಹರಡಿಕೊಂಡು ಕೀಯನ್ನು ಪೂರ್ತಿ ಮುಚ್ಚಿತ್ತು. ನಾನು ವೈಸು ಹೂಡಿದ ಮೇಜಿನ ಹತ್ತಿರ, ಎಲ್ಲರಿಗಿಂತ ಹಿಂದೆ ಇದ್ದೆ. ಅತಿಥಿಯ ಬೆರಳು ಗುಂಡಿಯ ಕಡೆ ಹೋಯಿತು. ಅವಳ ಕಣ್ಣು ಹೂವಿನ ಮೇಲೆ ನಿಂತಿತು. ಅವಳ ಬಾಯಿ ತೆರೆಯಿತು. ಏನು ಹೇಳಿದಳೋ ಹಾಡಿನಲ್ಲಿ ಕೇಳಿಸಲಿಲ್ಲ. ಆದರೆ ಆ ಬಾಯಿಯ ಆಕಾರ ನನಗೆ ಗೊತ್ತಿತ್ತು, ಹಿಂದಿನ ದಿನ ಅವಳು ಅದೇ ಮಾತು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ನಾನು ಕೂಗಲು ಉಸಿರು ಎಳೆದುಕೊಂಡೆ.

ಟಣ್ ಎಂದಿತು. ಅಷ್ಟೇ. ಬಾಂಬು ಸಿಡಿದ ಹಾಗೆ, ಸಿಡಿಲು ಬಡಿದ ಹಾಗೆ ಎಂದೆಲ್ಲ ಆಮೇಲೆ ಹುಡುಗರು ಹೇಳಿಕೊಂಡು ತಿರುಗಿದರು. ಹಾಗೇನೂ ಇಲ್ಲ. ಅಡುಗೆಮನೆಯಲ್ಲಿ ಸೌಟು ಬಿದ್ದಂಥ ಸದ್ದು. ಚೆಂಡುಹೂವು ಶೆಡ್ಡಿನ ತುಂಬ ಚೆಲ್ಲಿತು, ಮದುವೆಯಲ್ಲಿ ಅಕ್ಷತೆ ಬಿದ್ದ ಹಾಗೆ. ಅದರ ನಡುವಿನಿಂದ ಕಪ್ಪಗೆ ಏನೋ ಒಂದು ಅವಳ ತಲೆಯ ಪಕ್ಕ ಹಾದುಹೋಯಿತು. ಅವಳ ಹಿಂದಿನ ಕಬ್ಬಿಣದ ಬೀರು ಗಂಟೆಯ ಹಾಗೆ ಮೊಳಗಿತು.

ಲೇತು ತಿರುಗುತ್ತಲೇ ಇತ್ತು. ಚಕ್ಕಿಗೆ ಸಿಕ್ಕಿಕೊಂಡ ಹಾರದ ದಾರ ಪಟಪಟ ಬಡಿಯುತ್ತಿತ್ತು. ಅತಿಥಿಯ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಹುಡುಗರಲ್ಲಿ ಅರ್ಧ ಜನ ಬಾಗಿಲಾಚೆ, ಉಳಿದರ್ಧ ನನ್ನ ಜೊತೆ ಮೇಜಿನ ಕೆಳಗೆ. ಅದಕ್ಕೆ ನಾನೇನೂ ಕ್ಷಮೆ ಕೇಳುತ್ತಿಲ್ಲ. ಕಬ್ಬಿಣ ಹಾರುವಾಗ ಮೇಜಿನ ಕೆಳಗಿರುವುದು ಭೌತಶಾಸ್ತ್ರಕ್ಕೆ ಒಪ್ಪುವ ಮಾತು. ಅಲ್ಲಿಂದ ನನಗೆ ಕಂಡದ್ದು ಅವಳ ಪಾದಗಳು. ಅವು ಲೇತನ್ನು ಸುತ್ತಿಕೊಂಡು ಈಚೆ ಬಂದವು. ತಟ್ಟೆಯನ್ನು ಲೇತಿನ ಮೇಲಿಡದೆ ನೆಲಕ್ಕಿಟ್ಟಳು. ಸೀರೆಯ ಸೆರಗನ್ನು ಒಂದು ಕೈಯಲ್ಲಿ ಮೈಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಂಪು ಗುಂಡಿ ಒತ್ತಿದಳು. ಚಕ್ ನಿಧಾನವಾಗಿ ನಿಂತಿತು. ಅವಳ ಎಡಗಿವಿಯಿಂದ ರಕ್ತ ಇಳಿದು ರವಿಕೆಯ ಭುಜಕ್ಕೆ ಬಂದಿತ್ತು.

ಮೊದಲು ಮಾತಾಡಿದವರು ಅತಿಥಿ. "ಒಳ್ಳೆಯದಾಯಿತು ಬಿಡಿ, ದೊಡ್ಡ ದೃಷ್ಟಿ ಕಳೆಯಿತು" ಎಂದರು. ಹೊರಗೆ ಬೂದುಗುಂಬಳ ಸರಿಯಾಗಿ ಒಡೆದಿರಲಿಲ್ಲವಂತೆ, ಎರಡೇ ಹೋಳಾಗಿತ್ತಂತೆ. ಅದನ್ನು ನೋಡಿ ಬಂದವರು ಕಾರಣ ಸಿಕ್ಕಿತೆಂದು ಸಮಾಧಾನಪಟ್ಟರು. ಪ್ರಿನ್ಸಿಪಾಲರು ಕೂಡಲೇ ಇನ್ನೊಂದು ಕುಂಬಳ ತರಿಸಿ ಚೂರುಚೂರಾಗುವ ಹಾಗೆ ಒಡೆಸಿದರು. ಅವಳ ಕಿವಿಗೆ ಹತ್ತಿ ಹುಡುಕುವಷ್ಟರಲ್ಲಿ ಕುಂಬಳದ ಕೆಲಸ ಮುಗಿದಿತ್ತು.

ಮೇಷ್ಟ್ರು ಆಮೇಲೆ ಬಂದರು. ಬೀರುವಿನ ಬಾಗಿಲು ಮುಷ್ಟಿ ಗುದ್ದಿದ ಹಾಗೆ ಒಳಕ್ಕೆ ಹೋಗಿತ್ತು. ಆ ತಗ್ಗಿನ ಮೇಲೆ ಕೈ ಆಡಿಸಿದರು. ಆಮೇಲೆ ಬೀರುವಿನ ಎದುರು ಅವಳನ್ನು ನಿಲ್ಲಿಸಿ, ತಗ್ಗು ಅವಳ ಯಾವ ಎತ್ತರಕ್ಕೆ ಬರುತ್ತದೆ ಎಂದು ನೋಡಿದರು. ಅದು ಅವಳ ಕೆನ್ನೆಯ ಎತ್ತರಕ್ಕೆ ಬರುತ್ತಿತ್ತು. "ಓಗು, ಆಸ್ಪತ್ರೇಗೋಗು ಕಣ್ಣು" ಎಂದರು. ಕಣ್ಣು ಎಂದರೆ ನಮ್ಮ ಕಡೆ ಮಗುವನ್ನು ಮುದ್ದಿನಿಂದ ಕರೆಯುವ ಮಾತು.

ಆ ದಿನದಿಂದ ನನಗೆ ಒಂದು ಹೊಸ ವಿದ್ಯೆ ಬಂದಿದೆ. ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನು ಸ್ಟೀಲಿನ ಲೋಟ ಜೋರಾಗಿ ಇಟ್ಟರೆ ಸಾಕು, ನನ್ನ ತಲೆ ತಾನಾಗಿ ಬಗ್ಗುತ್ತದೆ. ಯಾರೂ ಕಲಿಸಲಿಲ್ಲ, ಮೂಲೆಮಟ್ಟ ಹಿಡಿದು ಯಾರೂ ಪರೀಕ್ಷಿಸಲಿಲ್ಲ, ಒಂದೇ ಸಲಕ್ಕೆ ಬಂದುಬಿಟ್ಟಿತು. ಮದುವೆ ಮನೆಯಲ್ಲಿ ಚೆಂಡುಹೂವಿನ ಹಾರ ಕಂಡರೆ ಅದರೊಳಗೆ ಏನಿದೆ ಎಂದು ಹುಡುಕುತ್ತೇನೆ. ಆ ಕೀಯ ತೂಕ, ಚಕ್ಕಿನ ವೇಗ ಎರಡೂ ನನಗೆ ಗೊತ್ತು. ಅದು ಎಷ್ಟು ರಭಸದಲ್ಲಿ ಹೋಗಿರಬೇಕು ಎಂದು ಲೆಕ್ಕ ಹಾಕಬಹುದು. ಕಾಲೇಜಿನಲ್ಲಿ ಕಲಿತದ್ದು ಮೊದಲ ಸಲ ಉಪಯೋಗಕ್ಕೆ ಬಂದದ್ದು ಅಲ್ಲೇ, ಉತ್ತರ ಬಂದ ಮೇಲೆ ಆ ಹಾಳೆಯನ್ನು ಹರಿದುಹಾಕಿದೆ.

ಎರಡು ದಿನ ಕಳೆದು ಅವಳು ಕಿವಿಗೆ ಹೊಲಿಗೆ ಹಾಕಿಸಿಕೊಂಡು ಬಂದಳು. ಬಂದ ಕೂಡಲೇ ಆಫೀಸಿಗೆ ಕರೆ ಬಂತು. ಗೀರು ಬಿದ್ದಿತ್ತಲ್ಲ. ಕೊಳತ್ತೂರಿನಿಂದ ಮೇಟೂರಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ಅವಳ ತಾಯಿಯೂ ಬಂದಿದ್ದರು. ಮೇಷ್ಟ್ರನ್ನು ಕರೆಸಿದ್ದರು. ನನ್ನನ್ನೂ ಕರೆಸಿದರು, ಓದಿದವನ ಸಾಕ್ಷಿಗೆ ತೂಕ ಜಾಸ್ತಿ ಎಂದು.

ಪ್ರಿನ್ಸಿಪಾಲರು ಬಹಳ ಮೃದುವಾಗಿ ಮಾತಾಡಿದರು. ಹುಡುಗಿ ಯಂತ್ರಕ್ಕೆ ತೀರಾ ಹತ್ತಿರ ನಿಂತಿದ್ದಳು. ಹೂವು ಕಟ್ಟಿದವಳೂ ಅವಳೇ. ಗಮನ ಸಾಲದು. ವಯಸ್ಸು ಹಾಗೆ. ಯಾರನ್ನೂ ದೂರುವುದು ಬೇಡ. ಇವತ್ತಿನಿಂದ ಟೈಲರಿಂಗ್ ಕ್ಲಾಸಿಗೆ ಹೋಗಲಿ. ಲೇತು ಹುಡುಗಿಯರಿಗಲ್ಲ.

ತಾಯಿ ತಲೆಯಾಡಿಸಿದರು. "ಅದೇ ಒಳ್ಳೇದು ಸಾರ್. ಟೈಲರಿಂಗ್ ಆದ್ರೆ ಮನೇಲೇ ಮಿಷಿನ್ ಆಕ್ಕೊಂಡು ಕೂತ್ಕೋಬೋದು. ಇದು ಕಿವಿಗ್ ಓಯ್ತು, ಕಣ್ಣಿಗ್ ಓಗಿದ್ರೆ ಏನ್ ಗತಿ?"

"ಅವ್ವಾ, ನಾನು ಹೊಲಿಯಕ್ಕೆ ಬಂದಿಲ್ಲ" ಎಂದಳು ಅವಳು.

"ನೀನು ಸುಮ್ಕಿರು. ಬಾಯಿ ಮುಚ್ಚು."

"ಮೊನ್ನೆ ಬಾಯಿ ತೆಗ್ದೆ, ಯಾರೂ ಕೇಳ್ನಿಲ್ಲ. ಇವತ್ತು ಮುಚ್ಚಂತೀಯ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನೀನು ನೋಡಿದೆಯಲ್ಲಪ್ಪಾ. ಅವಳು ಚಕ್ಕಿನ ನೇರಕ್ಕೇ ನಿಂತಿದ್ದಳು ಅಲ್ಲವಾ?"

"ಹೌದು ಸಾರ್" ಎಂದೆ. "ನೀವೇ ನಿಲ್ಲಿಸಿದ್ದು. ಕೀ ಹಾಕಿದ್ದೂ ನೀವೇ. ಕೀ ತೆಗೆಯಬೇಕು ಎಂದು ಹಿಂದಿನ ದಿನವೇ ಹೇಳಿದ್ದು ಅವಳೊಬ್ಬಳೇ."

ಸತ್ಯ ಹೇಳಿದರೆ ಕೋಣೆ ನಡುಗುತ್ತದೆ ಎಂದು ನಾನು ಎಲ್ಲಿ ಕಲಿತೆನೋ ಗೊತ್ತಿಲ್ಲ. ಆ ಕೋಣೆ ನಡುಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು. ಅವರ ಕೆಲಸ ವರ್ಷವರ್ಷಕ್ಕೂ ಹೊಸದಾಗಿ ಪ್ರಿನ್ಸಿಪಾಲರ ಸಹಿ ಬೀಳಬೇಕಾದ ಕೆಲಸ. ನಾನು ಹೊಸ ಸಂಗತಿಯೇನೂ ಹೇಳಿರಲಿಲ್ಲ. ಆ ಸ್ಟೇಟಸ್ಸನ್ನು ಇಡೀ ಕೇಂದ್ರ ನೋಡಿ ಹೃದಯದ ಗುರುತು ಹಾಕಿತ್ತು.

ಪ್ರಿನ್ಸಿಪಾಲರು ನೊಂದವರ ಹಾಗೆ ನಕ್ಕರು. "ನೀನು ಓದಿದವನು ತಂಬಿ. ನಿನಗೆ ಥಿಯರಿ ಚೆನ್ನಾಗಿದೆ. ಪ್ರಾಕ್ಟಿಕಲ್ ಬೇರೆ." ಓದಿದವನ ಸಾಕ್ಷಿಯ ತೂಕ ಅಲ್ಲಿಗೆ ಗೊತ್ತಾಯಿತು. ಅವರು ಗಂಟೆ ಒತ್ತಿ ಟೈಲರಿಂಗ್ ಟೀಚರನ್ನು ಕರೆಸಿದರು.

ಟೀಚರು ಭುಜದ ಮೇಲೆ ಅಳತೆಪಟ್ಟಿ ಹಾಕಿಕೊಂಡೇ ಬಂದರು. ನಮ್ಮ ಕಡೆಯವರೇ, ಧರ್ಮಪುರಿ ಪಕ್ಕದ ಹಳ್ಳಿ. ಆಫೀಸಿನಲ್ಲಿ ತಮಿಳು ಮಾತಾಡುತ್ತಾರೆ, ಸಿಟ್ಟು ಬಂದರೆ ಕನ್ನಡ. ಪ್ರಿನ್ಸಿಪಾಲರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬೇಡವಾದಾಗ ಆಗುವುದಿಲ್ಲ. ಸಂಗತಿ ಕೇಳಿದ ಮೇಲೆ ಟೀಚರು ಕನ್ನಡಕ್ಕೆ ಬಂದರು.

"ನನ್ ಕ್ಲಾಸಲ್ಲಿ ಜಾಗ ಐತೆ ಅಂತ ಯಾರು ಏಳಿದ್ರು ಸಾರ್ ನಿಮ್ಗೆ?"

"ಒಬ್ಬಳಿಗೆ ಜಾಗ ಮಾಡಬಹುದು ಟೀಚರ್. ಸೇಫಾದ ಕೆಲಸ."

"ಸೇಫಾ?" ಟೀಚರು ಬಲಗೈಯ ತೋರುಬೆರಳನ್ನು ಮೇಜಿನ ಮೇಲೆ ಇಟ್ಟರು. ಉಗುರು ನಡುವೆ ಒಡೆದು ಎರಡು ಪಾಲಾಗಿ ಬೆಳೆದಿತ್ತು. "ಇದು ಏನ್ ಗೊತ್ತಾ? ಪವರ್ ಮಿಷಿನ್ ಸೂಜಿ. ಉಗುರಿನ್ ಮೇಲ್ ಓಗಿ ಕೆಳಗ್ ಬಂತು, ದಾರದ ಸಮೇತ. ನನ್ ಬೆರಳು ಹೊಲ್ಕೊಂಡು ಕೂತಿದ್ದೆ. ಆವಾಗ ನನ್ನ ಯಾವನೂ ಲೇತಿಗೆ ಕಳಿಸ್ನಿಲ್ಲ."

ಅವಳ ತಾಯಿ ಬಾಯಿ ಬಿಟ್ಟು ಆ ಉಗುರನ್ನೇ ನೋಡುತ್ತಿದ್ದರು.

"ವೈರಿಂಗಲ್ಲಿ ಒಬ್ಳಿಗೆ ಶಾಕ್ ಒಡೀತು, ನನ್ ಅತ್ರ ಕಳಿಸಿದ್ರಿ. ವೆಲ್ಡಿಂಗಲ್ಲಿ ಒಬ್ಳಿಗೆ ಕಣ್ಣು ಉರೀತು, ನನ್ ಅತ್ರ ಕಳಿಸಿದ್ರಿ. ನನ್ದು ಕ್ಲಾಸಾ, ಆಸ್ಪತ್ರೆ ವಾರ್ಡಾ? ಹೊಲಿಗೆ ಕಲೀಬೇಕು ಅಂತ ಆಸೆ ಪಟ್ಟು ಬಂದ ಹುಡುಗೀರು ಮಿಷಿನ್ ಸಾಲ್ದೆ ಕಿಟಕಿ ಅತ್ರ ನಿಂತವ್ರೆ. ಬೇಡ ಅನ್ನೋಳನ್ನ ತಂದು ಕೂರ್ಸಿ ಬೇಕು ಅನ್ನೋಳನ್ನ ನಿಲ್ಸಾನಾ? ಮುಡಿಯಾದ್ ಸಾರ್." ಆಗುವುದಿಲ್ಲ ಎಂಬುದನ್ನು ಮಾತ್ರ ತಮಿಳಿನಲ್ಲಿ ಹೇಳಿದರು, ಅರ್ಥವಾಗಲಿಲ್ಲ ಎನ್ನದಿರಲಿ ಎಂದು. "ಯಾರ್ನಾದ್ರೂ ಕಳಿಸ್ಲೇಬೇಕು ಅಂದ್ರೆ ಗುಂಡಿ ಒತ್ತಿದೋರನ್ನ ಕಳ್ಸಿ. ಅಂಚು ಮಡಚೋದು ಏಳ್ಕೊಡ್ತೀನಿ."

ಯಾರೂ ನಗಲಿಲ್ಲ. ಮೇಷ್ಟ್ರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಅನುಮಾನ.

ಪ್ರಿನ್ಸಿಪಾಲರು ತಾಯಿಯ ಕಡೆ ನೋಡಿದರು. ಆ ತಾಯಿಗೆ ಈಗ ಸೂಜಿಯ ಮೇಲೂ ನಂಬಿಕೆ ಹೋಗಿತ್ತು. ಟೀಚರ ಬೆರಳನ್ನು ಮೆಲ್ಲಗೆ ಹಿಡಿದುಕೊಂಡು, "ಈಗ ನೋವೈತಾ ಅಕ್ಕಾ?" ಎಂದು ಕೇಳಿದರು. "ಚಳಿಗಾಲ್ದಾಗ ಸೊಲ್ಪ" ಎಂದರು ಟೀಚರು. ತಾಯಿ ಮಗಳ ಕಡೆ ತಿರುಗಿ ಹೇಳಿದರು: "ಎಲ್ಲೋದ್ರೂ ಚುಚ್ಚೋದು ಚುಚ್ಚೋದೇ. ನಿಂಗೆ ಏನು ಬೇಕೋ ಅದ್ರ ಅತ್ರಾನೇ ಚುಚ್ಚಿಸ್ಕೋ ಓಗು."

ಹೀಗೆ ಅವಳು ಲೇತಿನ ಹತ್ತಿರ ಉಳಿದದ್ದು ನನ್ನ ಸಾಕ್ಷಿಯಿಂದಲ್ಲ, ನ್ಯಾಯದಿಂದಲೂ ಅಲ್ಲ, ಟೈಲರಿಂಗ್ ಕ್ಲಾಸಿನಲ್ಲಿ ಜಾಗ ಇಲ್ಲದ್ದರಿಂದ. ಪ್ರಿನ್ಸಿಪಾಲರು ಸುಮ್ಮನಿರಲಾರದೆ ಒಂದು ಹೊಸ ಸುರಕ್ಷತಾ ಕ್ರಮ ಜಾರಿ ಮಾಡಿದರು. ಇನ್ನು ಮುಂದೆ ಕರ್ಪೂರದ ತಟ್ಟೆಯನ್ನು ಹುಡುಗರೇ ಹಿಡಿಯಬೇಕು. ಕೀ ಬಗ್ಗೆ ಏನೂ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ.

ಮರುದಿನ ಬೆಳಗ್ಗೆ ಮೇಷ್ಟ್ರು ನಮ್ಮನ್ನೆಲ್ಲ ಲೇತಿನ ಮುಂದೆ ನಿಲ್ಲಿಸಿದರು. ದಾರದ ಚೂರುಗಳನ್ನೆಲ್ಲ ಕಿತ್ತು ಚಕ್ಕನ್ನು ಅವರೇ ಶುದ್ಧ ಮಾಡಿಟ್ಟಿದ್ದರು. ಕುಂಕುಮವನ್ನೂ ಒರೆಸಿದ್ದರು. "ಯಾರ್ ಬತ್ತೀರಾ?" ಎಂದರು. ಹುಡುಗರೆಲ್ಲ ನೆಲದಲ್ಲಿ ಏನನ್ನೋ ಹುಡುಕತೊಡಗಿದರು. ಬಾಗಿಲಾಚೆ ಓಡಿದವರು, ಮೇಜಿನ ಕೆಳಗಿದ್ದವರು, ಎಲ್ಲರಿಗೂ ಒಮ್ಮೆಗೇ ವಿನಯ ಬಂದಿತ್ತು. ನಮ್ಮಲ್ಲಿ ಯಾರನ್ನೂ ಟೈಲರಿಂಗಿಗೆ ಕಳಿಸುವ ಮಾತು ಬರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಅವಳು ಮುಂದೆ ಹೋದಳು. ಖಾಕಿ ಅಂಗಿ, ಜಡೆಯನ್ನು ಟೋಪಿಯೊಳಗೆ ಸೇರಿಸಿದ್ದಳು, ಕಿವಿಯ ಮೇಲೆ ಪ್ಲಾಸ್ಟರು. ಕಬ್ಬಿಣದ ಸರಳು ತೆಗೆದು ಚಕ್ಕಿಗೆ ಕೊಟ್ಟಳು. ಸರಳು ಒಂದು ಸಲ ಜಾರಿ ಬಿತ್ತು. ಆ ಸದ್ದಿಗೆ ನನ್ನ ತಲೆ ಬಗ್ಗಿತು. ಎತ್ತಿ ನೋಡಿದಾಗ ಅವಳ ತಲೆಯೂ ಬಗ್ಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳಿಗೆ ಮೊದಲು ನಗು ಬಂತು.

"ಡಿಗ್ರಿ ಅಣ್ಣಾ, ಅಷ್ಟು ದೂರ ನಿಂತ್ರೆ ನಿಂಗೆ ಕಾಣ್ಸೋದು ಲೇತಾ, ಇಲ್ಲಾ ಮೇಟೂರು ಡ್ಯಾಮಾ?"

"ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ" ಎಂದೆ.

"ಬಾ ಬಾ. ನೇರಕ್ಕೆ ನಿಲ್ಬೇಡ, ಪಕ್ಕಕ್ಕೆ ಬಾ" ಎಂದು ಕೈಯಲ್ಲಿ ಜಾಗ ತೋರಿಸಿದಳು.

ನಾನು ಹೋಗಿ ಅವಳು ತೋರಿಸಿದ ಜಾಗದಲ್ಲಿ ನಿಂತೆ. ಅವಳು ಬಿದ್ದ ಸರಳನ್ನು ಮತ್ತೆ ಹಾಕಿ ಬಿಗಿಮಾಡಿ, ಕೀ ತೆಗೆದು ತಟ್ಟೆಗಿಟ್ಟು, ಒಮ್ಮೆ ಎಲ್ಲ ಕಡೆ ನೋಡಿದಳು. ಚಕ್ ನೋಡಿದಳು, ತಟ್ಟೆ ನೋಡಿದಳು, ನಮ್ಮನ್ನೆಲ್ಲ ನೋಡಿದಳು. ಆಮೇಲೆ ಹಸಿರು ಗುಂಡಿ ಒತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಸರಳು ತಿರುಗುತ್ತಿತ್ತು, ಉಳಿ ಅದಕ್ಕೆ ತಾಗಿತ್ತು, ಕಬ್ಬಿಣದ ಮೊದಲ ಸಿಪ್ಪೆ ಸುರುಳಿ ಸುರುಳಿಯಾಗಿ ಬಿಸಿಬಿಸಿ ಉದುರುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಉಳಿಯನ್ನೇ ನೋಡುತ್ತಿದ್ದಳು. ಸಾಲು ಅಂಕುಡೊಂಕಾಗಿ ಬರುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿ, "ಕೆಟ್ಟದಾಗ್ ಬತ್ತಾ ಐತೆ. ಇನ್ನೊಂದ್ ಸಲ ಒಡಿ" ಎಂದರು.

"ಆಯ್ತು ಸಾರ್" ಎಂದು ಅವಳು ಮತ್ತೆ ಮೊದಲಿನಿಂದ ಸಾಲು ಹೊಡೆದಳು.